ಮಾತು ಕೊಸರು, ಕಿವಿ ತುಟ್ಟಿ

2023ರ ಅಕ್ಟೋಬರ್ ತಿಂಗಳಿನಲ್ಲಿ ಆಸ್ಟ್ರೇಲಿಯಾ ಮೂಲದ ಅಟ್ಲಾಸಿಯನ್ ಎಂಬ ಸಾಫ್ಟ್‌ವೇರ್ ಕಂಪನಿಯು ಲೂಮ್ ಎಂಬ ಅಮೆರಿಕದ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಬೆಲೆ ಸುಮಾರು 97.5 ಕೋಟಿ ಡಾಲರ್. ಅಂದಿನ ರೂಪಾಯಿ ಲೆಕ್ಕದಲ್ಲಿ ಎಂಟು ಸಾವಿರ ಕೋಟಿ. ನವೆಂಬರ್ ಕೊನೆಗೆ ಆ ವ್ಯಾಪಾರ ಪೂರ್ತಿಯಾಯಿತು. ಇಷ್ಟೊಂದು ಹಣ ಕೊಟ್ಟು ಕೊಂಡದ್ದಾದರೂ ಏನನ್ನು? ಕಾರ್ಖಾನೆಯನ್ನಲ್ಲ, ಗಣಿಯನ್ನಲ್ಲ. ಸರಳವಾಗಿ ಹೇಳುವುದಾದರೆ, ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಕೂರುವ ಒಂದು ಗುಂಡಿಯನ್ನು.

ಆ ಗುಂಡಿಯನ್ನು ಒತ್ತಿದರೆ ಪರದೆಯ ಮೇಲೆ ನಡೆಯುವುದೆಲ್ಲ ಚಿತ್ರೀಕರಣವಾಗುತ್ತದೆ. ಪಕ್ಕದಲ್ಲಿ ದುಂಡನೆಯ ಪುಟ್ಟ ಕಿಟಕಿ. ಅದರೊಳಗೆ ಮಾತಾಡುವವರ ಮುಖ. ಅವರು ಪರದೆಯ ಮೇಲಿನದನ್ನು ತೋರಿಸುತ್ತ, ವಿವರಿಸುತ್ತ ಹೋಗುತ್ತಾರೆ. ಮಾತು ಮುಗಿದ ಕೂಡಲೇ ಒಂದು ಕೊಂಡಿ ತಯಾರು. ಅದನ್ನು ಸಹೋದ್ಯೋಗಿಗೆ ಕಳಿಸಿಬಿಟ್ಟರೆ ಆಯಿತು. ಅವರು ಊಟ ಮುಗಿಸಿ ನೋಡಬಹುದು, ಮಾರನೆಯ ಬೆಳಿಗ್ಗೆ ನೋಡಬಹುದು. ಹೇಳುವವರ ಹೊತ್ತು ಬೇರೆ, ಕೇಳುವವರ ಹೊತ್ತು ಬೇರೆ. ಇಂಥದನ್ನು ಕಂಪನಿಗಳ ಭಾಷೆಯಲ್ಲಿ ‘ಅಸಿಂಕ್ರೊನಸ್’ ಎನ್ನುತ್ತಾರೆ. ಬಾಯಿ ತಿರುಗಲು ಕಷ್ಟವಾದ ಆ ಪದವನ್ನು ಬದಿಗಿಟ್ಟು ನಾವು ಇದನ್ನು ‘ಹೇಳಿಟ್ಟ ಮಾತು’ ಎಂದು ಕರೆಯೋಣ.

ಕಥೆ ಬರೆದುಕೊಂಡಿರುವ ನಮಗೆ ಈ ವ್ಯಾಪಾರದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಈ ಸರಕು ಅಮೆರಿಕದಲ್ಲಿ ತಯಾರಾದರೂ ಬಳಕೆಯಾಗುತ್ತಿರುವುದು ನಮ್ಮ ಮನೆಗಳ ಒಳಕೋಣೆಗಳಲ್ಲಿ. ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ನಮ್ಮ ಮಕ್ಕಳು, ತಂಗಿ-ತಮ್ಮಂದಿರು ಇವತ್ತು ಇದರ ಮೂಲಕವೇ ಮಾತಾಡುತ್ತಾರೆ, ಇದರ ಮೂಲಕವೇ ಮಾತು ಕೇಳಿಸಿಕೊಳ್ಳುತ್ತಾರೆ. ನಮ್ಮ ಅಕ್ಕನ ಮಗಳು ಅವರಲ್ಲೊಬ್ಬಳು. ಮಾತು ಎಂಬುದು ನಮ್ಮ ಕಸುಬಿನ ಸಾಮಾನು ಕೂಡ. ಅದು ಯಾವ ಅಂಗಡಿಯಲ್ಲಿ ಯಾವ ದರಕ್ಕೆ ಬಿಕರಿಯಾಗುತ್ತಿದೆ ಎಂದು ನೋಡುವ ಹಕ್ಕು ಕತೆಗಾರರಿಗೆ ಇದ್ದೇ ಇದೆ.

ಹೇಳಿಟ್ಟ ಮಾತಿನ ಸಾಧನ ಹೊಸದೇನಲ್ಲ. 2007ರಲ್ಲೇ ಅಮೆರಿಕದ ಟೆಕ್‌ಸ್ಮಿತ್ ಕಂಪನಿ ‘ಜಿಂಗ್’ ಎಂಬುದನ್ನು ತಂದಿತ್ತು. ಪರದೆಯನ್ನು ಐದು ನಿಮಿಷದವರೆಗೆ ಚಿತ್ರೀಕರಿಸಿ ಕೊಂಡಿ ಕಳಿಸುವ ಸೌಲಭ್ಯ ಅದರಲ್ಲಿತ್ತು. 2013ರಲ್ಲಿ ಸ್ಕೈಪ್ ಮೂರು ನಿಮಿಷದ ವಿಡಿಯೊ ಸಂದೇಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು ಎಂಬುದು ಬೇರೆ ಮಾತು. ಆದರೆ ಇದನ್ನು ಕಚೇರಿಯ ನಿತ್ಯದ ಬಳಕೆಗೆ ಒಗ್ಗಿಸಿದ್ದು ಲೂಮ್. 2015ರಲ್ಲಿ ಜೋ ಥಾಮಸ್, ವಿನಯ್ ಹಿರೇಮಠ, ಶಾಹೇದ್ ಖಾನ್ ಎಂಬ ಮೂವರು ಯುವಕರು ಕಟ್ಟಿದ ಕಂಪನಿ ಇದು. ಹಿರೇಮಠ ಎಂಬ ಹೆಸರು ಕಂಡೊಡನೆ ಕನ್ನಡ ಶಾಲೆಯಲ್ಲಿ ಕಲಿತವರ ಕಣ್ಣು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಖಾನ್ ಎಂಬ ಹೆಸರಿನ ಬಳಿ ಇನ್ನೊಂದು ಗಳಿಗೆ. ಹೆಸರಿನಾಚೆಗಿನ ನಂಟು ಹುಡುಕುವುದು ಇಲ್ಲಿ ನಮ್ಮ ಕೆಲಸವಲ್ಲ.

ಆ ಮೂವರು ಮೊದಲು ಮಾಡಹೊರಟದ್ದು ಬೇರೆಯೇ ವ್ಯಾಪಾರ. ‘ಓಪನ್‌ಟೆಸ್ಟ್’ ಎಂಬ ಹೆಸರಿನಲ್ಲಿ, ವೆಬ್‌ಸೈಟುಗಳನ್ನು ಬಳಸಿ ನೋಡಿ ಅಭಿಪ್ರಾಯ ಹೇಳುವವರನ್ನು ಕಂಪನಿಗಳಿಗೆ ಒದಗಿಸುವ ಕೆಲಸ. ಅದು ಕೈಗೂಡಲಿಲ್ಲ. ಆದರೆ ಅಭಿಪ್ರಾಯ ಹೇಳಲೆಂದು ಮಾಡಿಕೊಂಡಿದ್ದ ರೆಕಾರ್ಡಿಂಗ್ ಸಾಧನ ಜನರಿಗೆ ಹಿಡಿಸಿತು. 2016ರಲ್ಲಿ ಅವರು ಅದನ್ನೇ ಬೇರೆಯಾಗಿ ಬಿಡುಗಡೆ ಮಾಡಿದರು. ಅದರ ಗುಟ್ಟು ಇಷ್ಟೇ. ಹಿಂದೆ ವಿಡಿಯೊ ಮಾಡಿದವರು ಅದು ಕಂಪ್ಯೂಟರಿನಲ್ಲಿ ಉಳಿಯುವುದನ್ನು ಕಾಯಬೇಕು, ಆಮೇಲೆ ಇಂಟರ್‌ನೆಟ್ಟಿಗೆ ಏರುವುದನ್ನು ಕಾಯಬೇಕು. ಲೂಮ್‌ನಲ್ಲಿ ಮಾತಾಡುತ್ತಿರುವಾಗಲೇ ವಿಡಿಯೊ ತುಣುಕು ತುಣುಕಾಗಿ ಮೇಲೇರುತ್ತಿರುತ್ತದೆ. ಮಾತು ನಿಂತಾಗ ಕೊಂಡಿ ಸಿದ್ಧ. ಕಾಯುವ ಆ ಎರಡು-ಮೂರು ನಿಮಿಷಗಳನ್ನು ತೆಗೆದುಹಾಕಿದ್ದರಿಂದಲೇ ಜನ ಅದಕ್ಕೆ ಒಗ್ಗಿಕೊಂಡರು.

ಇದರ ಅಗತ್ಯ ಎಷ್ಟಿತ್ತು ಎಂಬುದು ನಮ್ಮ ಅಕ್ಕನ ಮಗಳ ಗಡಿಯಾರ ನೋಡಿದರೆ ತಿಳಿಯುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಅಲ್ಲಿ ಬೆಳಗಿನ ಒಂಬತ್ತಕ್ಕೆ ಕಚೇರಿ ತೆರೆದರೆ ಇಲ್ಲಿ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಹುಡುಗಿ ಶಿವಮೊಗ್ಗದ ತನ್ನ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾಳೆ. ಆ ಕಂಪನಿಯ ಗಿರಾಕಿಗಳು ಅಮೆರಿಕದ ಪಶ್ಚಿಮ ಕರಾವಳಿಯವರು. ಅವರು ಚಹಾ ಹೀರುತ್ತ ದಿನ ಆರಂಭಿಸುವಾಗ ಇವಳ ಮನೆಯಲ್ಲಿ ಎಲ್ಲರೂ ಹಾಸಿಗೆ ಬಿಚ್ಚಿರುತ್ತಾರೆ. ಫಜರ್‌ನ ಹೊತ್ತಿಗೆ ಏಳುವ ಮನೆ ಅದು. ಇವಳು ಮಾತ್ರ ಅಡುಗೆಕೋಣೆಯ ಪಕ್ಕದ ಮೂಲೆಯಲ್ಲಿ ಕುಳಿತು ಪಿಸುದನಿಯಲ್ಲಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುತ್ತಿದ್ದಳು.

2020ರ ಲಾಕ್‌ಡೌನ್ ಈ ಕಷ್ಟವನ್ನು ಇಡೀ ಜಗತ್ತಿಗೆ ಹಂಚಿತು. ಜೂಮ್ ಸಭೆಗಳಲ್ಲಿ ದಿನವೊಂದಕ್ಕೆ ಪಾಲ್ಗೊಳ್ಳುವವರ ಲೆಕ್ಕ 2019ರ ಡಿಸೆಂಬರಿನಲ್ಲಿ 1 ಕೋಟಿ ಇದ್ದದ್ದು 2020ರ ಮಾರ್ಚಿಗೆ 20 ಕೋಟಿ ಮುಟ್ಟಿತು. ದಿನವಿಡೀ ಪರದೆಯ ಮೇಲೆ ಮುಖಗಳು. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊ. ಜೆರೆಮಿ ಬೈಲೆನ್‌ಸನ್ ಈ ದಣಿವಿಗೆ ನಾಲ್ಕು ಕಾರಣಗಳನ್ನು ಮುಂದಿಟ್ಟರು. ಎಡೆಬಿಡದೆ ಕಣ್ಣಿಗೆ ಕಣ್ಣಿಟ್ಟು ನೋಡಬೇಕಾಗುವುದು, ತನ್ನ ಮುಖವನ್ನು ತಾನೇ ನೋಡುತ್ತಿರಬೇಕಾಗುವುದು, ಕೂತಲ್ಲಿಂದ ಅಲುಗಾಡಲಾಗದಿರುವುದು, ಎದುರಿಗಿದ್ದಾಗ ತಾನಾಗಿ ತಿಳಿಯುತ್ತಿದ್ದ ಹಾವಭಾವಗಳನ್ನು ಕಷ್ಟಪಟ್ಟು ಓದಬೇಕಾಗುವುದು. ಇಂಥ ದಣಿವಿನ ನಡುವೆ ‘ಸಭೆ ಬೇಡ, ಒಂದು ವಿಡಿಯೊ ಕಳಿಸಿ ಸಾಕು’ ಎಂಬ ಮಾತು ಯಾರಿಗೆ ತಾನೆ ಇಷ್ಟವಾಗದು? ಲೂಮ್ ಆ ದಿನಗಳಲ್ಲಿ ತನ್ನ ದರ ಇಳಿಸಿತು, ಶಿಕ್ಷಕರಿಗೆ ಮತ್ತು ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಟ್ಟಿತು. 2021ರ ಮೇ ತಿಂಗಳಲ್ಲಿ ಹಣ ಹೂಡುವವರು ಆ ಕಂಪನಿಗೆ ಕಟ್ಟಿದ ಬೆಲೆ 153 ಕೋಟಿ ಡಾಲರ್.

ಹುಡುಗಿಯ ಕಂಪನಿಯೂ ಇಂಥದೊಂದು ಸಾಧನವನ್ನು ತಂದಿತು. ಅವಳ ಕೆಲಸ ಟೆಸ್ಟಿಂಗ್. ಅಂದರೆ ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಎಡವುತ್ತದೆ ಎಂದು ಹುಡುಕುವುದು. ಆ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಸಾಧನ. ‘ನೋಡಿ, ಇಲ್ಲಿ ಒತ್ತಿದೆ, ಹೀಗಾಯಿತು’ ಎಂದು ಒಂದು ನಿಮಿಷದಲ್ಲಿ ತೋರಿಸಿಬಿಡಬಹುದು. ಇದೇ ಸಂಗತಿ ಹಿಂದೆ ಹತ್ತಾರು ಇಮೇಲುಗಳನ್ನು ತಿನ್ನುತ್ತಿತ್ತು. ರಾತ್ರಿಯ ಕರೆ ನಿಂತಿತು. ಹುಡುಗಿ ಹತ್ತು ಗಂಟೆಗೆ ಮಲಗತೊಡಗಿದಳು. ಅವಳ ಕಣ್ಣ ಕೆಳಗಿನ ಕಪ್ಪು ತಿಳಿಯಾದದ್ದನ್ನು ನಮ್ಮ ಅಕ್ಕ ನಾಲ್ಕು ಮನೆಗಳಲ್ಲಿ ಹೇಳಿಕೊಂಡು ಬಂದಳು. ಮುಖ ತೋರಿಸುವ ಆ ದುಂಡು ಕಿಟಕಿಯನ್ನು ಮುಚ್ಚಿ ಬರಿ ದನಿಯಲ್ಲಿ ಹೇಳುವ ಅನುಕೂಲವೂ ಇತ್ತು. ಹಿಂದಿನ ಗೋಡೆಯ ಸುಣ್ಣ, ಮನೆಯವರ ಓಡಾಟ, ತಲೆಯ ಮೇಲಿನ ದುಪಟ್ಟಾ ಯಾವುದೂ ಯಾರ ಕಣ್ಣಿಗೂ ಬೀಳಬೇಕಿಲ್ಲ. ಇದನ್ನು ನಾವು ಸಣ್ಣ ಉಪಕಾರ ಎನ್ನುವುದಿಲ್ಲ.

ಹೇಳಿಟ್ಟ ಮಾತು ನಮ್ಮ ಬೀದಿಗೆ ಮೊದಲು ಬಂದದ್ದು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಸೆಟ್ಟಿನಲ್ಲಿ. ನಾವು ಚಿಕ್ಕವರಿದ್ದಾಗ ಬೀದಿಯ ಹಲವು ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿದ್ದರು. ಪಕ್ಕದ ಮನೆಯವರು ದಮ್ಮಾಮಿನಲ್ಲಿ ಬಡಗಿ. ಅವರ ಹೆಂಡತಿಗೆ ಓದುಬರಹ ಇರಲಿಲ್ಲ. ಉರ್ದು ಶಾಲೆಗೆ ಹೋಗುತ್ತಿದ್ದ ನಾವು ಅವರ ಪತ್ರ ಬರೆದುಕೊಡುವವರು. ಅವರು ಹೇಳುತ್ತಿದ್ದದ್ದೇ ಅರ್ಧ. ಎಂಟು ವರ್ಷದ ಮಗುವಿನ ಎದುರು ಗಂಡನಿಗೆ ಏನೆಂದು ಹೇಳಿಯಾರು? ಪತ್ರದ ತುಂಬ ಸಲಾಮುಗಳು, ಮಕ್ಕಳ ಕೆಮ್ಮು, ಬಾಡಿಗೆಯ ಲೆಕ್ಕ. ಆಮೇಲೆ ರಜೆಯ ಮೇಲೆ ಬಂದವರ ಕೈಯಲ್ಲಿ ಕ್ಯಾಸೆಟ್ಟು ಬರತೊಡಗಿತು. ಮನೆಮಂದಿಯೆಲ್ಲ ಟೇಪ್‌ರೆಕಾರ್ಡರಿನ ಸುತ್ತ ಕೂರುತ್ತಿದ್ದರು. ಅಜ್ಜಿಗೆ, ಮಕ್ಕಳಿಗೆ, ನೆರೆಯವರಿಗೆ ಹೇಳಬೇಕಾದದ್ದೆಲ್ಲ ಮುಗಿದು ದನಿ ಸ್ವಲ್ಪ ತಗ್ಗಿದ ಕೂಡಲೇ ಆ ತಾಯಿ ಗುಂಡಿ ಒತ್ತಿ ಟೇಪನ್ನು ನಿಲ್ಲಿಸಿ, ಅದನ್ನು ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದರು. ಉತ್ತರವನ್ನೂ ಅವರೇ ಮಾತಾಡಿ ತುಂಬಿಸುತ್ತಿದ್ದರು. ನಮ್ಮ ಲೇಖನಿಯ ಹಂಗು ಅವರಿಗೆ ತಪ್ಪಿತು.

ಅಕ್ಷರ ಬಾರದವರಿಗೂ ತಮ್ಮ ಮಾತನ್ನು ತಾವೇ ಆಡುವ ಸ್ವಾತಂತ್ರ್ಯ ಕೊಟ್ಟದ್ದು ಆ ಕ್ಯಾಸೆಟ್ಟು. ಹೇಳಿಟ್ಟ ಮಾತಿನ ನಿಜವಾದ ಹಿರಿಮೆ ಇಲ್ಲಿದೆ ಎಂದು ನಮಗೆ ಅನಿಸುತ್ತದೆ. ಇಂಗ್ಲಿಷಿನಲ್ಲಿ ಒಪ್ಪವಾಗಿ ಬರೆಯಲು ಅಳುಕುವ ನಮ್ಮ ಊರಿನ ಹುಡುಗ ಹುಡುಗಿಯರು ಪರದೆಯನ್ನು ತೋರಿಸಿ ‘ಇದು, ಹೀಗೆ’ ಎಂದು ಹೇಳಿ ಗೆಲ್ಲಬಲ್ಲರು. ಇನ್ನೊಂದು ಸಂಗತಿಯೂ ನೆನಪಾಗುತ್ತದೆ. ದಮ್ಮಾಮಿನಿಂದ ಬಂದ ಕ್ಯಾಸೆಟ್ಟಿನ ಮೇಲೆಯೇ ಉತ್ತರ ತುಂಬಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಹಳೆಯ ಮಾತು ಅಳಿಸಿ ಹೊಸ ಮಾತು ಬರುತ್ತಿತ್ತು. ಕೇಳಬೇಕಾದವರು ಕೇಳಿದ ಮೇಲೆ ಅದು ಇನ್ನಾರ ಕಿವಿಗೂ ಉಳಿಯುತ್ತಿರಲಿಲ್ಲ. ಇಂದಿನ ಹೇಳಿಟ್ಟ ಮಾತು ಹಾಗಲ್ಲ. ಅದು ಕಂಪನಿಯ ಉಗ್ರಾಣದಲ್ಲಿ ಉಳಿಯುತ್ತದೆ. ಉಳಿದದ್ದು ಸೋರುವುದೂ ಉಂಟು. 2023ರ ಮಾರ್ಚ್ 7ರಂದು ಲೂಮ್‌ನ ವ್ಯವಸ್ಥೆಯಲ್ಲಿ ಮಾಡಿದ ಒಂದು ಬದಲಾವಣೆಯಿಂದಾಗಿ ಕೆಲವರ ಖಾತೆಯ ವಿವರಗಳು, ವಿಡಿಯೊಗಳು ಸ್ವಲ್ಪ ಹೊತ್ತು ಬೇರೆಯವರಿಗೆ ಕಾಣಿಸಿಕೊಂಡವು. ಕಂಪನಿಯೇ ಅದನ್ನು ಒಪ್ಪಿಕೊಂಡು ವಿವರಣೆ ಕೊಟ್ಟಿತು.

ಉರ್ದು ಓದಿದವರಿಗೆ ಇಲ್ಲಿ ಮಿರ್ಜಾ ಗಾಲಿಬ್ ನೆನಪಾಗದೆ ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಪತ್ರಗಳಲ್ಲಿದ್ದ ಉದ್ದುದ್ದ ಬಿರುದು ಬಾವಲಿಗಳನ್ನು ಕಿತ್ತೆಸೆದು, ಎದುರಿಗೆ ಕೂತು ಹರಟುವಂತೆ ಬರೆದವರು ಅವರು. ‘ಮುರಾಸಲ’ವನ್ನು, ಅಂದರೆ ಪತ್ರವ್ಯವಹಾರವನ್ನು, ‘ಮುಕಾಲಮ’ ಮಾಡಿದ್ದೇನೆ, ಅಂದರೆ ಸಂವಾದ ಮಾಡಿದ್ದೇನೆ ಎಂಬ ಹೆಮ್ಮೆ ಅವರಿಗಿತ್ತು. ಇಂದಿನ ಕಂಪನಿಗಳು ಮಾಡುತ್ತಿರುವುದು ಅದರ ತಿರುವುಮುರುವು. ಎದುರು ಬದುರು ಆಡಬೇಕಾದ ಮಾತನ್ನು ಹಿಡಿದು ಲಕೋಟೆಗೆ ಹಾಕುತ್ತಿವೆ. ಲಕೋಟೆ ಸೇರಿದ ಮಾತು ಪತ್ರವೇ ಆಯಿತಲ್ಲ? ಪತ್ರ ಎಂದ ಮೇಲೆ ಅದನ್ನು ಒಡೆದು ಓದುವವರು ಯಾರು ಎಂಬ ಹಳೆಯ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ.

ಇನ್ನು ಮಾರುಕಟ್ಟೆಯ ಕಡೆ ತಿರುಗೋಣ. ಈ ಹಾದಿ ಹಿಡಿದದ್ದು ಲೂಮ್ ಒಂದೇ ಅಲ್ಲ. ಕೆನಡಾದ ವಿಡ್‌ಯಾರ್ಡ್, ಅಮೆರಿಕದ ಬಾಂಬ್‌ಬಾಂಬ್ ಮೊದಲಾದವು ಸರಕು ಮಾರುವವರನ್ನು ಹಿಡಿದುಕೊಂಡವು. ಗಿರಾಕಿಗೆ ಪತ್ರ ಬರೆಯುವ ಬದಲು ಮುಖ ತೋರಿಸಿ ಮಾತಾಡಿ ಎಂಬುದು ಅವರ ಮಂತ್ರ. 2020ರಲ್ಲಿ ವಿಮಿಯೊ, 2021ರಲ್ಲಿ ಡ್ರಾಪ್‌ಬಾಕ್ಸ್ ತಮ್ಮದೂ ಒಂದಿರಲಿ ಎಂದು ರೆಕಾರ್ಡಿಂಗ್ ಸಾಧನ ತಂದವು. ಆಮೇಲೆ ಬಂದವರು ದೊಡ್ಡ ಕುಳಗಳು. 2021ರಲ್ಲಿ ಸ್ಲ್ಯಾಕ್ ತನ್ನ ಹರಟೆಯ ಕಟ್ಟೆಯಲ್ಲೇ ‘ಕ್ಲಿಪ್ಸ್’ ಎಂಬ ಸವಲತ್ತು ಸೇರಿಸಿತು. ಆ ಸ್ಲ್ಯಾಕನ್ನು ಸೇಲ್ಸ್‌ಫೋರ್ಸ್ ಕಂಪನಿ 2,770 ಕೋಟಿ ಡಾಲರಿಗೆ ಕೊಂಡದ್ದೂ ಅದೇ ವರ್ಷ. 2023ರಲ್ಲಿ ಜೂಮ್ ತನ್ನ ‘ಕ್ಲಿಪ್ಸ್’ ತಂದಿತು. ಮೈಕ್ರೊಸಾಫ್ಟ್ ಟೀಮ್ಸ್‌ನಲ್ಲಿ ಚಾಟಿನ ಒಳಗೇ ವಿಡಿಯೊ ತುಣುಕು ಕಳಿಸುವ ಏರ್ಪಾಡಾಯಿತು. 2024ರಲ್ಲಿ ಗೂಗಲ್ ‘ವಿಡ್ಸ್’ ಎಂಬುದನ್ನು ಪ್ರಕಟಿಸಿತು.

ಸಂತೆಯಲ್ಲಿ ತರಕಾರಿ ಕೊಂಡವರಿಗೆ ಅಂಗಡಿಯವನು ಒಂದೆರಡು ಎಸಳು ಕರಿಬೇವು ಕೊಸರು ಹಾಕುತ್ತಾನೆ. ಅದನ್ನು ನಾವು ದುಡ್ಡು ಕೊಟ್ಟು ಕೊಳ್ಳುವುದಿಲ್ಲ, ಆದರೆ ಕೊಡದಿದ್ದರೆ ಮುನಿಸಿಕೊಳ್ಳುತ್ತೇವೆ. ಇಂಥ ಸಂತೆಯಲ್ಲಿ ಒಬ್ಬರು ಬರಿ ಕರಿಬೇವಿನದೇ ಅಂಗಡಿ ಇಟ್ಟರೆ ಗತಿ ಏನು? ಅವರ ಕರಿಬೇವು ಎಷ್ಟೇ ಘಮಘಮಿಸಲಿ, ಪಕ್ಕದವನು ಪುಕ್ಕಟೆ ಕೊಡುತ್ತಿದ್ದಾನೆ. ಹೇಳಿಟ್ಟ ಮಾತಿನ ಅಂಗಡಿಗಳಿಗೆ ಬಂದ ಪಾಡು ಇದೇ. ಕಚೇರಿಗೆ ಬೇಕಾದ ಸಾಮಾನನ್ನೆಲ್ಲ ಒಂದೇ ಚೀಲದಲ್ಲಿ ಮಾರುವ ದೊಡ್ಡ ಅಂಗಡಿಗಳು ಈ ಗುಂಡಿಯನ್ನು ಕೊಸರಿಗೆ ಹಾಕಿದವು. 153 ಕೋಟಿ ಡಾಲರ್ ಎನಿಸಿಕೊಂಡಿದ್ದ ಲೂಮ್ ಎರಡೂವರೆ ವರ್ಷದೊಳಗೆ 97.5 ಕೋಟಿಗೆ ಕೈಬದಲಾದದ್ದು ಇದೇ ಸಂತೆಯಲ್ಲಿ. ಮೂರನೆಯ ಒಂದು ಪಾಲಿಗೂ ಹೆಚ್ಚು ಬೆಲೆ ಕರಗಿತ್ತು. ಅಟ್ಲಾಸಿಯನ್ ಕೂಡ ಅದನ್ನು ಬಿಡಿಯಾಗಿ ಮಾರಿಕೊಂಡಿರಲೆಂದು ಕೊಳ್ಳಲಿಲ್ಲ. ಕೆಲಸಗಳ ಲೆಕ್ಕ ಇಡುವ ತನ್ನ ಜಿರಾ, ಕಡತಗಳನ್ನು ಇಡುವ ಕಾನ್‌ಫ್ಲುಯೆನ್ಸ್, ಇವುಗಳೊಂದಿಗೆ ಜೋಡಿಸುವುದಕ್ಕೆ ಕೊಂಡಿತು.

ಲೂಮ್ ಎಂದರೆ ಕನ್ನಡದಲ್ಲಿ ಮಗ್ಗ. ಪವರ್‌ಲೂಮ್ ಬಂದಾಗ ಕೈಮಗ್ಗದವರ ಪಾಡೇನಾಯಿತು ಎಂಬುದನ್ನು ನೇಕಾರರ ಊರುಗಳಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಗ್ಗದ ಮಾಲೀಕರು ಕೋಟಿಗಟ್ಟಲೆ ಹಣದೊಂದಿಗೆ ಹೊರಬಂದರು ಎಂಬುದಷ್ಟೇ ವ್ಯತ್ಯಾಸ. ಕಷ್ಟ ಉಳಿದದ್ದು ಆ ಮಗ್ಗದ ಎದುರು ದಿನವೂ ಕೂರುವವರಿಗೆ.

ಗುಂಡಿ ಪುಕ್ಕಟೆಯಾದ ಮೇಲೆ ದುಡ್ಡು ಕೊಟ್ಟು ಕೊಳ್ಳುವಂಥದು ಏನು ಉಳಿಯಿತು? ಕಂಪನಿಗಳು ಹೆಚ್ಚಿನ ದರಕ್ಕೆ ಕೊಡುವ ಸವಲತ್ತುಗಳ ಪಟ್ಟಿಯನ್ನು ಒಮ್ಮೆ ನೋಡಿ. ಮಾತಿನ ನಡುವಿನ ‘ಅಂ’, ‘ಆಂ’ಗಳನ್ನು ಯಂತ್ರವೇ ಕತ್ತರಿಸುತ್ತದೆ. ಮೌನವನ್ನು ತೆಗೆಯುತ್ತದೆ. ಹಿಂದಿನ ಗೋಡೆಯನ್ನು ಮಬ್ಬಾಗಿಸುತ್ತದೆ. ಒಂದೇ ವಿಡಿಯೊದಲ್ಲಿ ಹೆಸರನ್ನು ಮಾತ್ರ ಬದಲಿಸಿ, ನೂರು ಜನರಿಗೆ ನೂರು ಸಲ ಹೆಸರು ಹಿಡಿದು ಕರೆದಂತೆ ಕೇಳಿಸುವ ಉಪಾಯವೂ ಬಂದಿದೆ. ಬಾಯಿಯೇ ತೆರೆಯದ ಮನುಷ್ಯನ ಮುಖವನ್ನೂ ದನಿಯನ್ನೂ ಯಂತ್ರ ಕಟ್ಟಿಕೊಡುವ ಕಾಲ ಇದು. ಇವೆಲ್ಲವೂ ಮಾತಾಡುವವರ ಅನುಕೂಲಕ್ಕೆ. ಕೇಳುವವರಿಗೆ ಏನಿದೆ ಎಂದು ಹುಡುಕಿದರೆ ಮುಖ್ಯವಾಗಿ ಕಾಣುವುದು ಎರಡು. ಒಂದು, ವಿಡಿಯೊವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಓಡಿಸಬಹುದು. ಇನ್ನೊಂದು, ಯಂತ್ರ ಅದರ ಸಾರಾಂಶ ಬರೆದುಕೊಡುತ್ತದೆ. ಎರಡೂ ಕಡಿಮೆ ಕೇಳುವುದಕ್ಕೆ ದಾರಿಗಳು.

ಇದೇಕೆ ಹೀಗೆ? ಉತ್ತರ ಕಷ್ಟದ್ದಲ್ಲ. ಈ ಸಾಧನವನ್ನು ಕೊಳ್ಳುವವರು ಮೇಲಿನವರು. ಮೇಲಿನವರಿಗೆ ಹೇಳುವುದಿರುತ್ತದೆ. ಕೆಳಗಿನವರು ಕೇಳಿದರೋ ಇಲ್ಲವೋ ಎಂದು ತಿಳಿಯುವುದಿರುತ್ತದೆ. ಆದ್ದರಿಂದಲೇ ಈ ಸಾಧನಗಳಲ್ಲಿ ಇನ್ನೊಂದು ಸವಲತ್ತು ಇದೆ. ಯಾರು ನೋಡಿದರು, ಎಷ್ಟು ದೂರ ನೋಡಿದರು ಎಂಬ ಲೆಕ್ಕ. ಸರಕು ಮಾರುವವರಿಗೆ ಅದು ಗಿರಾಕಿಯ ಆಸಕ್ತಿಯ ಅಳತೆ. ಕಚೇರಿಯೊಳಗೆ ಬಂದಾಗ ಅದು ಹಾಜರಿ ಪುಸ್ತಕ.

ಕಳೆದ ವರ್ಷ ನಮ್ಮ ಅಕ್ಕನ ಮಗಳಿಗೆ ಆದದ್ದನ್ನು ಇಲ್ಲಿ ಹೇಳಬೇಕು. ಹಣ ಪಾವತಿಯ ಪುಟವೊಂದನ್ನು ಅವಳು ಪರೀಕ್ಷಿಸುತ್ತಿದ್ದಳು. ಇಂಟರ್‌ನೆಟ್ ನಿಧಾನವಾಗಿದ್ದಾಗ ಗ್ರಾಹಕರು ಗುಂಡಿಯನ್ನು ಎರಡು ಸಲ ಒತ್ತಿದರೆ ಖಾತೆಯಿಂದ ಎರಡು ಸಲ ಹಣ ಹೋಗುತ್ತಿತ್ತು. ಗುರುವಾರ ಸಂಜೆ ಅವಳು ಆರು ನಿಮಿಷದ ವಿಡಿಯೊ ಮಾಡಿ ಕಳಿಸಿದಳು. ಕಂಪನಿಯ ನಿಯಮದಂತೆ ಮೊದಲು ಯಾವ ಮೊಬೈಲು, ಯಾವ ಆವೃತ್ತಿ, ಯಾವ ಯಾವ ಹಂತ ಎಂದೆಲ್ಲ ಹೇಳಬೇಕು. ಹಣ ಎರಡು ಸಲ ಹೋಗುವುದು ಕಾಣಿಸುವ ಹೊತ್ತಿಗೆ ನಾಲ್ಕನೆಯ ನಿಮಿಷ. ಮೂವರು ಆ ವಿಡಿಯೊ ತೆರೆದರು. ಒಬ್ಬರೂ ಒಂದೂವರೆ ನಿಮಿಷ ದಾಟಲಿಲ್ಲ. ಸೋಮವಾರ ಆ ಪುಟ ಗ್ರಾಹಕರ ಕೈಗೆ ಹೋಯಿತು.

ದೂರುಗಳು ಬಂದವು. ಮೊದಲೇ ಏಕೆ ತಿಳಿಸಲಿಲ್ಲ ಎಂದು ಅವಳನ್ನು ಕೇಳಿದರು. ಅವಳು ವಿಡಿಯೊದ ಕೊಂಡಿಯನ್ನೂ ನೋಡಿದವರ ಲೆಕ್ಕವನ್ನೂ ಮುಂದಿಟ್ಟಳು. ಮಾತು ಅಲ್ಲಿಗೆ ನಿಂತಿತು. ಆದರೆ ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಅವಳ ಹೆಸರಿನ ಮುಂದೆ ‘ಸಂವಹನ ಕೌಶಲ ಸುಧಾರಿಸಬೇಕು’ ಎಂಬ ಸಾಲು ಬಂತು. ಆ ಸಾಲಿನಿಂದ ಅವಳಿಗೆ ಆ ವರ್ಷದ ಸಂಬಳ ಏರಿಕೆ ತಪ್ಪಿತು.

“ಖಾಲಾ, ನಾನು ಹೇಳಿದ್ದು ಅವರ ಹತ್ತಿರವೇ ಇದೆಯಲ್ಲ. ಇವತ್ತಿಗೂ ಇದೆ. ತೆರೆದು ನೋಡಿದರೆ ನಾನು ಹೇಳುತ್ತಲೇ ಇದ್ದೇನೆ,” ಎಂದಳು ಹುಡುಗಿ.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ಕಂಪನಿಯಲ್ಲಿ ಪ್ರತಿ ಸೋಮವಾರ ಮೇಲಿನ ಅಧಿಕಾರಿಯೊಬ್ಬರ ಇಪ್ಪತ್ತು ನಿಮಿಷದ ವಿಡಿಯೊ ಬರುತ್ತದೆ. ಅದನ್ನು ಎಲ್ಲರೂ ಕೊನೆಯವರೆಗೆ ನೋಡಲೇಬೇಕು. ನೋಡದವರಿಗೆ ಬುಧವಾರ ಜ್ಞಾಪನೆ ಬರುತ್ತದೆ. ಶುಕ್ರವಾರ ಇನ್ನೊಂದು ಜ್ಞಾಪನೆ, ಈ ಸಲ ಅದರ ಪ್ರತಿ ಮ್ಯಾನೇಜರಿಗೂ ಹೋಗುತ್ತದೆ. ಹುಡುಗಿಯ ಗೆಳತಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ದನಿ ಅಡಗಿಸಿ ವಿಡಿಯೊ ಓಡಲು ಬಿಟ್ಟು ಅವರು ಚಪಾತಿ ಲಟ್ಟಿಸುತ್ತಾರೆ. ಯಂತ್ರದ ಲೆಕ್ಕದಲ್ಲಿ ನೂರಕ್ಕೆ ನೂರು ವೀಕ್ಷಣೆ. ನಮಗೆ ನಗು ಬಂದದ್ದು ನಿಜ. ನಗುತ್ತಲೇ ಲೆಕ್ಕ ಹಾಕಿದೆವು. ಸಾಧನ ಒಂದೇ, ಲೆಕ್ಕವಿಡುವ ಯಂತ್ರವೂ ಒಂದೇ. ಮೇಲಿನಿಂದ ಬಂದ ಇಪ್ಪತ್ತು ನಿಮಿಷಕ್ಕೆ ಆ ಲೆಕ್ಕ ಕಾವಲುಗಾರನಂತೆ ನಿಂತಿತು. ಕೆಳಗಿನಿಂದ ಹೋದ ನಾಲ್ಕನೆಯ ನಿಮಿಷಕ್ಕೆ ಯಾರೂ ಕಾವಲಿರಲಿಲ್ಲ.

ಈ ಸಾಧನಗಳು ಕೆಟ್ಟವು ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ರಾತ್ರಿಯ ನಿದ್ದೆ ಮರಳಿಸಿದ ಸಾಧನವನ್ನು ಕೆಟ್ಟದ್ದೆನ್ನಲು ನಾಲಿಗೆ ಏಳುವುದಿಲ್ಲ. ಆದರೆ ಕೇಳುವುದು ಒಂದು ಕೆಲಸ, ಅದಕ್ಕೂ ಹೊತ್ತು ಬೇಕು ಎಂಬುದನ್ನು ಕಚೇರಿಗಳು ಲೆಕ್ಕಕ್ಕೆ ಹಿಡಿದಿಲ್ಲ. ಸಭೆಯೊಂದನ್ನು ರದ್ದು ಮಾಡಿದಾಗ ಎಲ್ಲರ ಒಂದು ಗಂಟೆ ಉಳಿಯಿತು ಎಂದು ಸಂತೋಷಪಡುತ್ತಾರೆ. ಆ ಸಭೆಯ ಬದಲಿಗೆ ಎಂಟು ಜನ ಎಂಟು ವಿಡಿಯೊ ಕಳಿಸಿದರೆ, ಅವನ್ನು ನೋಡುವ ಹೊತ್ತು ಯಾರ ದಿನದಿಂದ ಬರಬೇಕು? ಸಭೆಯಲ್ಲಾದರೆ ಮಾತಾಡುವವರು ಎದುರಿಗಿನ ಮುಖ ನೋಡಿ ‘ತಿಳಿಯಿತೇ?’ ಎಂದು ಕೇಳಬಹುದಿತ್ತು, ತಿಳಿಯಲಿಲ್ಲವೆಂದರೆ ಮೊದಲಿನಿಂದ ಹೇಳಬಹುದಿತ್ತು. ಕೇಳುವವರು ಬೇಸರಗೊಂಡರೂ ಎದ್ದು ಹೋಗುವ ಹಾಗಿರಲಿಲ್ಲ. ಆ ಸಂಕೋಚದ ಕಟ್ಟು ಹರಿದುಹೋಗಿದೆ. ಅದರ ಜಾಗಕ್ಕೆ ಬಂದಿರುವುದು ವೀಕ್ಷಣೆಯ ಲೆಕ್ಕ ಮಾತ್ರ. ಲೆಕ್ಕವನ್ನು ಯಾರು ತೆರೆದು ನೋಡಬೇಕು, ಯಾರ ಪರವಾಗಿ ನೋಡಬೇಕು ಎಂಬುದನ್ನು ಕಂಪನಿಗಳು ತೀರ್ಮಾನಿಸಿಲ್ಲ.

ಯಂತ್ರ ಬರೆದುಕೊಡುವ ಸಾರಾಂಶ ಈ ಕೊರತೆಯನ್ನು ತುಂಬುತ್ತದೆ ಎಂದು ಕೆಲವರು ಹೇಳುತ್ತಾರೆ. ವಿಡಿಯೊ ಕೊಟ್ಟರೆ ಸಾಕು, ಅದನ್ನು ಅಧ್ಯಾಯಗಳಾಗಿ ವಿಂಗಡಿಸಿ, ಶೀರ್ಷಿಕೆ ಕೊಟ್ಟು, ಬರಹವನ್ನಾಗಿ ಮಾಡಿಕೊಡುವ ಸವಲತ್ತು ಲೂಮ್‌ನಲ್ಲಿ 2023ರಿಂದಲೂ ಬೆಳೆಯುತ್ತಿದೆ. ಇದರಲ್ಲಿ ಒಂದು ತಮಾಷೆ ಇದೆ. ಬರೆಯುವ ಶ್ರಮ ಬೇಡವೆಂದು ಮಾತಾಡಿದೆವು. ಕೇಳುವ ಶ್ರಮ ಬೇಡವೆಂದು ಅದನ್ನು ಮತ್ತೆ ಬರಹ ಮಾಡಿಸಿಕೊಂಡೆವು. ಮಾತು ಸುತ್ತಿ ಬಳಸಿ ಪತ್ರಕ್ಕೇ ಬಂದು ನಿಂತಿತು. ಆದರೆ ಬರೆದವರು ನಾವಲ್ಲ. ಆರು ನಿಮಿಷದಲ್ಲಿ ಯಾವುದು ಮುಖ್ಯ ಎಂದು ಯಂತ್ರ ಆರಿಸುತ್ತದೆ. ಹಣ ಎರಡು ಸಲ ಕಳೆದುಕೊಳ್ಳುವ ಗ್ರಾಹಕರ ಸಂಕಟವನ್ನು ಅದು ಮೊದಲ ಸಾಲಿಗೆ ತಂದರೆ ಒಳ್ಳೆಯದೇ. ತಾರದಿದ್ದರೆ ಹೊಣೆ ಯಾರದು? ಅಪ್ರೈಸಲ್‌ನ ಸಾಲು ಯಂತ್ರದ ಹೆಸರಿನ ಮುಂದೆ ಬೀಳುವುದಿಲ್ಲ.

ಹುಡುಗಿ ಈಗ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಾಳೆ. ಮೊದಲು ಮೂರು ಸಾಲು ಬರೆಯುತ್ತಾಳೆ. ಏನು ಕೆಟ್ಟಿದೆ, ಅದರಿಂದ ಯಾರಿಗೆ ತೊಂದರೆ, ಯಾವ ದಿನದೊಳಗೆ ಸರಿಯಾಗಬೇಕು. ಆಮೇಲೆ ಉತ್ತರ ಕೊಡಬೇಕಾದ ಒಬ್ಬರ ಹೆಸರು. ವಿಡಿಯೊ ಅದರ ಕೆಳಗೆ, ಅದೂ ತೊಂಬತ್ತು ಸೆಕೆಂಡು ಮೀರದಂತೆ. ಬರಹ ಅವಳ ಅರ್ಜಿ, ವಿಡಿಯೊ ಅದಕ್ಕೆ ಗವಾಹಿ. ಉತ್ತರ ಬಾರದಿದ್ದರೆ ಫೋನು ಮಾಡುತ್ತಾಳೆ, ಆ ದಿನ ರಾತ್ರಿ ಹತ್ತೂವರೆಯಾದರೂ ಸರಿ. ಹೀಗೆ ಅವಳ ಗೆದ್ದ ನಿದ್ದೆಯಲ್ಲಿ ಸ್ವಲ್ಪ ಮತ್ತೆ ಕೈಬಿಟ್ಟಿದೆ. ಕೋಟಿ ಕೋಟಿ ಡಾಲರಿನ ಪೈಪೋಟಿಯಲ್ಲಿ ತಯಾರಾದ ಸಾಧನದ ಕೊರತೆಯನ್ನು ಆ ಹುಡುಗಿ ತನ್ನ ಹೊತ್ತು ಕೊಟ್ಟು ತುಂಬುತ್ತಿದ್ದಾಳೆ.

ಈ ಪತ್ರಿಕೆಯನ್ನು ಓದುವವರಲ್ಲಿ ಇಂಥ ಕಂಪನಿಗಳಲ್ಲಿ ಮ್ಯಾನೇಜರುಗಳಾಗಿರುವವರೂ ಇರಬಹುದು. ಅಂಥವರ ತಂದೆ ತಾಯಿ ಅಂತೂ ಖಂಡಿತ ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಕೈಕೆಳಗಿನವರ ವಿಡಿಯೊಗಳಿಗೆ ದಿನದಲ್ಲಿ ಇಂತಿಷ್ಟು ಹೊತ್ತು ಎಂದು ಕೆಲಸದ ಸಮಯದಲ್ಲೇ ತೆಗೆದಿಡಿ. ವೀಕ್ಷಣೆಯ ಲೆಕ್ಕವನ್ನು ತೆರೆಯುವಾಗ ನಿಮ್ಮ ವಿಡಿಯೊವನ್ನು ಯಾರು ನೋಡಲಿಲ್ಲ ಎಂದು ಹುಡುಕುವ ಮೊದಲು, ಅವರು ಕಳಿಸಿದ್ದನ್ನು ನೀವು ಎಷ್ಟು ನೋಡಿದ್ದೀರಿ ಎಂದು ನೋಡಿ. ಯಾವುದೋ ಊರಿನ ಅಡುಗೆಕೋಣೆಯ ಪಕ್ಕದಲ್ಲಿ ಕುಳಿತು ಒಬ್ಬರು ನಿಮಗೆ ಆರು ನಿಮಿಷ ಮಾತಾಡಿ ಇಟ್ಟಿದ್ದಾರೆ. ಕಡಿಮೆಯೆಂದರೆ ನಾಲ್ಕನೆಯ ನಿಮಿಷ ದಾಟುವವರೆಗಾದರೂ ಕೇಳಿ.